ಸೋಮವಾರಗಳಂದು ಎಚ್ಚರಗೊಳ್ಳದ ಪರದೆ

ವೃತ್ತಿಯಲ್ಲಿದ್ದ ಅಷ್ಟೂ ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಹಳೆಯ ಬರಹಗಳಲ್ಲಿ ಕಾಣುವ ದಿನಾಂಕ ನಿಜವೋ ಅಲ್ಲವೋ ಎಂದು ನೋಡುವುದು. ಶಾಸನದಲ್ಲಿ ಒಂದು ತಿಥಿ, ಒಂದು ವಾರ, ಒಂದು ಸಂವತ್ಸರ ಇರುತ್ತವೆ. ಮೂರೂ ಒಂದೇ ದಿನವನ್ನು ತೋರಿಸಿದರೆ ಆ ದಿನಾಂಕವನ್ನು ಒಪ್ಪಬಹುದು; ಎರಡು ಮಾತ್ರ ಕೂಡಿದರೆ ಸಂದೇಹದ ಗುರುತು ಹಾಕಬೇಕು; ಯಾವುದೂ ಕೂಡದಿದ್ದರೆ ಶಾಸನವನ್ನಲ್ಲ, ಮೊದಲು ತನ್ನ ಓದನ್ನು ಅನುಮಾನಿಸಬೇಕು. ಈ ಕೊನೆಯ ನಿಯಮವನ್ನು ಕಿರಿಯರಿಗೆ ಪಾಠದಂತೆ ಹೇಳುತ್ತಿದ್ದವನು ನಾನು. ನಿವೃತ್ತನಾಗಿ ಶಿರಸಿಯಲ್ಲಿ ನೆಲೆಸಿದ ಮೇಲೆ, ಒಂದು ಮಾಗಿಯಲ್ಲಿ, ಅದನ್ನು ನಾನೇ ಎಂಟು ವಾರ ಮರೆತುಬಿಟ್ಟೆ. ಆ ಎಂಟು ವಾರಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ವಾರಗಳ ಹೆಸರನ್ನಷ್ಟೇ ಕೊಡುತ್ತೇನೆ. ಈ ವಿಷಯದಲ್ಲಿ ಬರುವ ತಿಥಿ ಒಂದು ಮನೆಯ ಶ್ರಾದ್ಧಕ್ಕೆ ಸೇರಿದ್ದು; ಅದನ್ನು ಅಚ್ಚಿಗೆ ಕೊಡುವ ಹಕ್ಕು ನನಗಿಲ್ಲ.

ಆ ಮನೆ ಮಾಸ್ತರರದು. ಅವರು ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಕಡೆಯವರು, ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಎಂಬತ್ತು ದಾಟಿದವರು. ದೂರದ ನೆಂಟಸ್ತಿಕೆಯ ಎಳೆ ಹಿಡಿದು ನನ್ನನ್ನು ಭಾವ ಎನ್ನುತ್ತಿದ್ದರು. ಯಲ್ಲಾಪುರಕ್ಕೆ ಮದುವೆಯಾಗಿ ಹೋಗಿದ್ದ ಅವರ ಅಕ್ಕ ತೀರಿಕೊಂಡ ಮೇಲೆ, ಅಕ್ಕನ ಮಗಳು ಬಟ್ಟೆಯ ಗಂಟೊಂದನ್ನು ತಂದು ಅವರ ಕೈಗೆ ಕೊಟ್ಟಳಂತೆ. ಗಂಟಿನಲ್ಲಿದ್ದದ್ದು ತಂದೆಯ ಕಾಲದ ಪಂಚಾಂಗಗಳು. ಆ ಕಾಲದಲ್ಲಿ ಬೇರೆ ದಿನಚರಿ ಪುಸ್ತಕ ಯಾರ ಬಳಿ ಇತ್ತು? ಮೊದಲ ಮಳೆ ಬಿದ್ದದ್ದು, ಆಕಳು ಕರು ಹಾಕಿದ್ದು, ಮದುವೆಗೆ ಹೋಗಿ ಬಂದದ್ದು ಎಲ್ಲವನ್ನೂ ಪಂಚಾಂಗದ ಅಂಚಿನಲ್ಲಿ ಆಯಾ ತಿಥಿಯ ಎದುರು ಸೀಸದ ಕಡ್ಡಿಯಿಂದ ಗುರುತು ಹಾಕಿಡುವ ರೂಢಿ ಇತ್ತು. ಇಂಥ ಅಂಚಿನ ಬರಹಗಳನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳಿಂದ ಒಟ್ಟುಮಾಡಿ ದಿನಾಂಕ ತಾಳೆ ನೋಡುವ ಕೆಲಸವನ್ನು ನಾನು ಕೈಗೆತ್ತಿಕೊಂಡಿದ್ದೆ. ಮಾಸ್ತರರು ಆ ಗಂಟನ್ನು ಹೊತ್ತು ನನ್ನ ಮನೆಗೆ ಬಂದದ್ದು ಇದನ್ನು ಕೇಳಿ.

ಆದರೆ ಅವರಿಗೆ ಬೇಕಾದದ್ದು ಬೇರೆಯೇ ಇತ್ತು. ಅವರಿಗೆ ಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಿದ್ದರು. ತಾಯಿಯ ಮುಖ ನೆನಪಿಲ್ಲ, ಚಿತ್ರವೂ ಇಲ್ಲ. ತಂದೆ ಮತ್ತೆ ಹಲವು ವರ್ಷ ಬದುಕಿದ್ದರೂ ಹೆಂಡತಿಯ ವಿಷಯ ಬಾಯಿಬಿಟ್ಟು ಆಡಿದವರಲ್ಲ. ಗಂಟಿನಲ್ಲಿದ್ದ ಒಂದು ಪಂಚಾಂಗದಲ್ಲಿ, ತಾಯಿ ತೀರಿಕೊಂಡ ತಿಥಿಯ ಎದುರು, ತಂದೆಯ ಕೈಬರಹದಲ್ಲಿ ಆರೇಳು ಸಾಲುಗಳಿದ್ದವು. ಉಳಿದ ದಿನಗಳಿಗೆಲ್ಲ ಒಂದೊಂದು ಸಾಲು. ಆ ದಿನಕ್ಕೆ ಮಾತ್ರ ಅಂಚು ಸಾಲದೆ ಕೆಳಗಿನ ಖಾಲಿ ಜಾಗದವರೆಗೆ ಬರಹ ಇಳಿದಿತ್ತು. ಅದು ಮೋಡಿ ಬರಹ, ಎಂದರೆ ಹಿಂದಿನ ಶಾನುಭೋಗರು ಲೇಖನಿ ಎತ್ತದೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓಡಿಸುತ್ತಿದ್ದ ಕನ್ನಡ. ಅಂಕೆಗಳನ್ನೂ ತಿಥಿ ವಾರಗಳನ್ನೂ ನಾನು ಬಿಡಿಸಬಲ್ಲೆ. ಅದಕ್ಕಿಂತ ಹೆಚ್ಚಿನದು ನನಗೆ ಬಾರದು. ಮಾಸ್ತರರಿಗೆ ತಂದೆಯ ಕೈ ಚಿಕ್ಕಂದಿನಿಂದ ಪರಿಚಯ. ಆದರೆ ಅವರ ಕಣ್ಣು ಹೋಗುತ್ತಿತ್ತು.

ನೋಟದ ನಡುಭಾಗ ಮಾಸುತ್ತ ಬಂದು ಅಂಚು ಮಾತ್ರ ಉಳಿಯುವ ಕಾಯಿಲೆ ಅದು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೆ ಹುಬ್ಬಳ್ಳಿಯಲ್ಲಿ ಸೂಜಿ ಹಾಕಿಸುತ್ತಿದ್ದರು; ಕೆಲವು ತಿಂಗಳು ಉಳಿದರೆ ಉಳಿಯಿತು ಎಂದು ವೈದ್ಯರು ಹೇಳಿದ್ದರು. ಕಂದಿದ ಕಾಗದದ ಮೇಲೆ ಕಂದಿದ ಸೀಸದ ಗೀಟು ಅವರಿಗೆ ಕಾಣುತ್ತಿರಲಿಲ್ಲ. ದೊಡ್ಡದು ಮಾಡಿ ಝೆರಾಕ್ಸ್ ತೆಗೆಸಿದೆವು. ಬೂದಿಯ ಮೇಲೆ ಬೂದಿ ಬಳಿದಂತೆ ಬಂತು. ಕೊನೆಗೆ ಸ್ಕ್ಯಾನ್ ಮಾಡಿ, ಬಣ್ಣ ತಿರುವುಮುರುವು ಮಾಡಿ, ಕಪ್ಪಿನ ಮೇಲೆ ಬಿಳಿಯ ಅಕ್ಷರ ಬರುವಂತೆ ಪರದೆಯ ಮೇಲೆ ಹಿಗ್ಗಿಸಿದಾಗ ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ, "ಇದು ಕಾಣ್ತು" ಎಂದರು. ನನ್ನ ಹಳೆಯ ಮಾನಿಟರಿನಲ್ಲಿ ಅಷ್ಟು ಹಿಗ್ಗಿಸಿದರೆ ಎರಡು ಅಕ್ಷರಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಕೂಡಿಸಿ ಬರೆದ ಬರಹವನ್ನು ಎರಡೆರಡು ಅಕ್ಷರವಾಗಿ ತುಂಡರಿಸಿ ಓದಲಾಗದು. ಆದ್ದರಿಂದ ಅದೇ ಕಂಪ್ಯೂಟರಿಗೆ ಎರಡನೆಯದಾಗಿ ಒಂದು ದೊಡ್ಡ ಮಾನಿಟರ್ ಜೋಡಿಸಿದೆ. ಚಿಕ್ಕದರಲ್ಲಿ ನನ್ನ ಗಣಿತ, ದೊಡ್ಡದರಲ್ಲಿ ಅವರ ಪುಟ.

ಸಂಕ್ರಾಂತಿ ಕಳೆದ ಮೊದಲ ಸೋಮವಾರ ಅವರು ಬಸ್ಸಿನಲ್ಲಿ ಬಂದರು. ಬೆಳಗಿನ ಹೊತ್ತು ಒಂದು ತಾಸಿನಷ್ಟು ಮಾತ್ರ ಕಣ್ಣು ಮಾತು ಕೇಳುತ್ತದೆ, ಆಮೇಲೆ ನೀರು ತುಂಬಿ ಎಲ್ಲ ಕಲಸಿಹೋಗುತ್ತದೆ ಎಂದರು. ಬಂದವರಿಗೆ ಮೊದಲು ಆಸರಿ. ಬಾಯಾರಿಕೆಗೆ ಏನಾದರೂ ಕೊಡದೆ ಬಂದವರೊಡನೆ ಕೆಲಸದ ಮಾತೆತ್ತುವುದು ನಮ್ಮ ಕಡೆ ಇಲ್ಲ. ಕಷಾಯ ಕುಡಿದು, ಊರಿನ ಸುದ್ದಿ ಮುಗಿಸಿ, ಆಮೇಲೆ ಒಳಗೆ ಹೋಗಿ ಕಂಪ್ಯೂಟರ್ ಹಾಕಿದೆ. ದೊಡ್ಡ ಪರದೆ ತಕರಾರಿಲ್ಲದೆ ಹತ್ತಿತು.

ಅವರು ಓದಿದರು. ತಿಥಿ, ವಾರ, ನಕ್ಷತ್ರ, ನಸುಕಿನಲ್ಲಿ ಪ್ರಾಣ ಹೋದದ್ದು, ಬಂದವರ ಹೆಸರು. ಅಲ್ಲಿಗೆ ಒಂದು ಸಾಲು. ಎರಡನೆಯ ಸಾಲಿನ ಅರ್ಧಕ್ಕೆ ಬಂದು ನಿಂತರು. ಬೆರಳಿನಿಂದ ಗಾಳಿಯಲ್ಲೇ ಆ ಬರಹದ ತಿರುವನ್ನು ಹಿಂಬಾಲಿಸಿ ಮತ್ತೊಮ್ಮೆ ಓದಿದರು: "ಮಗು ಕೇಳಿತು."

ಕಣ್ಣಿನಲ್ಲಿ ನೀರು ತುಂಬಿತ್ತು. ಅದು ಅಳುವೋ ಕಾಯಿಲೆಯೋ ನನಗೆ ತಿಳಿಯಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಒರೆಸಿಕೊಂಡು ಕುರ್ಚಿಗೆ ಒರಗಿದರು.

"ಇವತ್ತಿಗೆ ಇಷ್ಟೇ, ಭಾವ. ಇನ್ನು ಕಾಣ್ತಿಲ್ಲೆ."

"ಮಗು ಅಂದ್ರೆ ನಿಂಗನೇ ಅಲ್ದ, ಮಾಸ್ತರ್ರೇ?"

"ಮತ್ಯಾರು? ಅಕ್ಕ ಆವಾಗ್ಲೇ ದೊಡ್ಡವಳು. ಆನು ಎಂತ ಕೇಳಿದ್ದೆ ಹೇಳಿ ಗೊತ್ತಾಗವು. ಮೂರು ವರ್ಷದ ಮಗು ಎಂತ ಕೇಳ್ತು? ಅಪ್ಪಯ್ಯ ಎಂತ ಹೇಳಿದ?"

ತಾನು ಅಂದು ಏನು ಕೇಳಿದ್ದೆ, ತಂದೆ ಏನೆಂದರು ಎಂಬುದಷ್ಟೇ ಅವರಿಗೆ ತಿಳಿಯಬೇಕಿತ್ತು. ಬೇರೆ ಊರುಗಳಲ್ಲಿ ಮೋಡಿ ಬಲ್ಲವರಿದ್ದಾರೆ, ಪ್ರತಿ ಕಳಿಸಿದರೆ ಓದಿ ಹೇಳಿಯಾರು ಎಂದೆ. ಅವರು ತಲೆಯಲ್ಲಾಡಿಸಿದರು.

"ಬೇಡ. ಊರವರ ಕಾಗ್ದ ಎಲ್ಲ ಆನೇ ಓದಿ ಹೇಳಿದ್ದೆ, ಭಾವ. ಓದು ಬಾರದವ್ವು ಕಾಗ್ದ ಹಿಡ್ಕಂಡು ಶಾಲೆಗೇ ಬತ್ತಿದ್ದ. ಓದವ ಒಂದೊಂದು ಮಾತು ಬಿಟ್ಟು ಓದ್ತ. ಎದುರಿನವರ ಮುಖ ನೋಡಿದ್ರೆ ಬಿಡಲೇ ಬೇಕಾಗ್ತು. ಆನೂ ಬಿಟ್ಟಿದ್ದೆ. ಎನ್ನದೊಂದು ಕಾಗ್ದನಾದ್ರೂ ಆನೇ ಓದ್ತೆ."

ಆ ಸಂಜೆ ನಾನು ತಿಥಿಯನ್ನೂ ವಾರವನ್ನೂ ನಕ್ಷತ್ರವನ್ನೂ ತಾಳೆ ನೋಡಿದೆ. ಮೂರೂ ಕೂಡಿದವು. ಅವರ ಮನೆಯಲ್ಲಿ ಇಷ್ಟು ಕಾಲ ನಡೆದುಬಂದ ಶ್ರಾದ್ಧದ ತಿಥಿ ಸರಿಯಾದದ್ದೇ. ನನಗೆ ಬೇಕಾದದ್ದು ಮೊದಲ ಸೋಮವಾರವೇ ಸಿಕ್ಕಿತು. ಇದನ್ನು ಸ್ಪಷ್ಟವಾಗಿ ಬರೆಯುವುದು ಅಗತ್ಯ. ಮುಂದಿನ ಏಳು ವಾರ ನಾನು ಅವರಿಗಾಗಿ ದುಡಿದೆ ಎಂದು ನನ್ನನ್ನು ನಾನು ನಂಬಿಸಿಕೊಂಡಿದ್ದೆ; ಯಾರಿಗಾಗಿ ದುಡಿದೆ ಎಂಬುದು ಈಗ ಅಷ್ಟು ನಿಶ್ಚಯವಿಲ್ಲ.

ಎರಡನೆಯ ಸೋಮವಾರ, ಅವರ ಒಂದು ತಾಸಿನಲ್ಲಿ ಒಂದು ನಿಮಿಷವೂ ವ್ಯರ್ಥವಾಗಬಾರದೆಂದು, ಅವರ ಬಸ್ಸು ಬರುವ ಮೊದಲೇ ಕಂಪ್ಯೂಟರ್ ಹಾಕಿ, ಪುಟವನ್ನು ದೊಡ್ಡ ಪರದೆಯ ಮೇಲೆ ತೆರೆದು, ಎರಡನೆಯ ಸಾಲಿನ ನಡುವಿಗೆ ತಂದು ನಿಲ್ಲಿಸಿ, ಬಸ್ಸಿನ ನಿಲ್ದಾಣಕ್ಕೆ ಹೋಗಿ ಅವರನ್ನು ಕರೆತಂದೆ. ಆಸರಿ ಆಯಿತು. ನನ್ನ ಹೆಂಡತಿ ಆ ದಿನ ತೆಳ್ಳೇವು, ಎಂದರೆ ನಮ್ಮ ಕಡೆಯ ತೆಳು ದೋಸೆ, ಎರೆದಿದ್ದಳು, ಬೇಡವೆಂದರೂ ಬಿಡಲಿಲ್ಲ. ಒಳಗೆ ಹೋಗುವಾಗ ಕಂಪ್ಯೂಟರ್ ತನ್ನಷ್ಟಕ್ಕೆ ನಿದ್ರೆಗೆ ಹೋಗಿತ್ತು. ಮೌಸ್ ಅಲ್ಲಾಡಿಸಿದೆ. ಚಿಕ್ಕ ಪರದೆ ಎದ್ದಿತು. ದೊಡ್ಡದು ಏಳಲಿಲ್ಲ.

ಅದರ ಕೆಳಅಂಚಿನಲ್ಲಿ ಸಣ್ಣ ದೀಪ ಮಿಣುಕುತ್ತಿತ್ತು, ಅಷ್ಟೇ. ವಿಚಿತ್ರವೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಆ ಪರದೆ ಇದ್ದೇ ಇತ್ತು. ಮೌಸಿನ ಬಾಣವನ್ನು ಚಿಕ್ಕ ಪರದೆಯ ಬಲ ಅಂಚಿಗೆ ಒಯ್ದರೆ ಅದು ಅಂಚು ದಾಟಿ ಆ ಕಪ್ಪಿನೊಳಗೆ ಹೊರಟುಹೋಗುತ್ತಿತ್ತು. ಪುಟ ಅಲ್ಲೇ, ನಾನು ಇಟ್ಟ ಜಾಗದಲ್ಲೇ ತೆರೆದುಕೊಂಡಿತ್ತು, ಕಾಣುತ್ತಿರಲಿಲ್ಲ. ಕಂಪ್ಯೂಟರನ್ನು ಮತ್ತೆ ಮಲಗಿಸಿ ಎಬ್ಬಿಸಿದೆ. ಮಾನಿಟರಿನ ಗುಂಡಿ ಒತ್ತಿದೆ. ಕೇಬಲ್ ಕಿತ್ತು ಸಿಕ್ಕಿಸಿದೆ. ಮಾಸ್ತರರು ಕುರ್ಚಿಯಲ್ಲಿ ಕೂತು, ತಲೆ ಓರೆ ಮಾಡಿ, ನನ್ನ ಓಡಾಟವನ್ನು ಕಣ್ಣಂಚಿನಿಂದ ನೋಡುತ್ತಿದ್ದರು.

"ಎಂಗಿಂತ ಮೊದ್ಲೇ ಇದ್ರ ಕಣ್ಣು ಹೋತಲ, ಭಾವ!"

ಇಬ್ಬರೂ ನಕ್ಕೆವು. ಆ ನಗೆಯನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ. ಅವರ ಒಂದು ತಾಸು ಹೋಯಿತು. ಮಧ್ಯಾಹ್ನ ಊಟವಾಗಿ ಅವರು ಬಸ್ಸಿಗೆ ಹೊರಟ ಮೇಲೆ ಒಳಗೆ ಹೋಗಿ ಮೌಸ್ ಅಲ್ಲಾಡಿಸುತ್ತೇನೆ, ದೊಡ್ಡ ಪರದೆ ತಾನಾಗಿ ಹತ್ತುತ್ತದೆ. ಪುಟ ಎರಡನೆಯ ಸಾಲಿನ ನಡುವಿನಲ್ಲಿ, "ಮಗು ಕೇಳಿತು" ಎಂಬಲ್ಲಿ, ನಿಶ್ಚಲವಾಗಿ ನಿಂತಿದೆ.

ಮರುದಿನ ಮಂಗಳವಾರ, ಪೇಟೆಯಲ್ಲಿ ಕಂಪ್ಯೂಟರ್ ದುರಸ್ತಿಯ ಅಂಗಡಿ ಇಟ್ಟ ಹೆಣ್ಣುಮಗಳ ಬಳಿಗೆ ಹೋದೆ. ಬನವಾಸಿಯ ಕಡೆಯವಳು, ನಲವತ್ತರ ಆಸುಪಾಸು, ಬಿಚ್ಚಿಟ್ಟ ಪೆಟ್ಟಿಗೆಗಳ ನಡುವೆ ಕೂತು, ಕೈಯಲ್ಲಿನ ಕೆಲಸ ನಿಲ್ಲಿಸದೆ ನನ್ನ ಮಾತು ಕೇಳಿದಳು.

"ಸರ, ಇಷ್ಟಕ್ಕ ಯಾಕ ತಲಿ ಕೆಡಿಸ್ಕೊಂತೀರಿ? ಸ್ಲೀಪ್ ಬಂದ್ ಮಾಡಿಬಿಡ್ರಿ. ಮಲಗದಿದ್ರ ಏಳಿಸೋ ಗದ್ಲನ ಇಲ್ಲ."

"ಕಾರಣ ಏನು ಅಂತ ಗೊತ್ತಾಗದೆ ಬಂದ್ ಮಾಡಿದರೆ ದೋಷ ಒಳಗೇ ಉಳಿಯುತ್ತಲ್ಲ? ಇವತ್ತು ಪರದೆ, ನಾಳೆ ಒಳಗಿನ ಕಡತಗಳೇ ಹೋದರೆ?"

"ಕಾರಣ ತಗೊಂಡು ಏನ್ ಮಾಡ್ತೀರಿ ಸರ? ನಿಮಗ ಪರದೆ ಬೇಕೋ, ಕಾರಣ ಬೇಕೋ?"

"ಎರಡೂ ಬೇಕು" ಎಂದೆ.

"ಹಂಗಾರ ಕಾಯ್ರಿ" ಎಂದು ಅವಳು ಮತ್ತೆ ತಿರುಪು ಬಿಚ್ಚತೊಡಗಿದಳು.

ನಾನು ಮನೆಗೆ ಬಂದು ಹೊಸ ಟಿಪ್ಪಣಿ ಪುಸ್ತಕವೊಂದನ್ನು ತೆಗೆದೆ. ವಾರ, ಹೊತ್ತು, ಕಂಡದ್ದು, ಮಾಡಿದ್ದು, ಫಲ ಎಂದು ಐದು ಅಂಕಣ ಎಳೆದು, ಕಳೆದ ಎರಡು ಸೋಮವಾರಗಳನ್ನೂ ಅಂಗಡಿಯ ಮಾತನ್ನೂ ಮೊದಲ ಪುಟದಲ್ಲಿ ತುಂಬಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಅದರ ಫಲ ಖಚಿತವಾಗುವವರೆಗೆ ಇನ್ನೊಂದನ್ನು ಮುಟ್ಟುವುದಿಲ್ಲ. ಇದು ನಮ್ಮ ವೃತ್ತಿಯ ಶಿಸ್ತು. ಕಲ್ಲಿನ ಮುಂದೆ ಅದು ಒಳ್ಳೆಯ ಶಿಸ್ತೇ.

ಆ ವಾರ ಕೇಬಲ್ ಬದಲಿಸಿದೆ. ಬುಧವಾರ, ಗುರುವಾರ, ಶನಿವಾರ ಮೂರು ಸಲ ಕಂಪ್ಯೂಟರನ್ನು ಬೇಕೆಂದೇ ಮಲಗಿಸಿ, ಐದು ನಿಮಿಷ ಬಿಟ್ಟು, ಎಬ್ಬಿಸಿದೆ. ಮೂರು ಸಲವೂ ದೊಡ್ಡ ಪರದೆ ಎದ್ದಿತು. "ದೋಷ: ಕೇಬಲ್. ನಿವಾರಣೆಯಾಗಿದೆ" ಎಂದು ಬರೆದೆ. ಸೋಮವಾರ ಪುಟ ಸಿದ್ಧಪಡಿಸಿಟ್ಟು ಮಾಸ್ತರರನ್ನು ಕರೆತಂದೆ. ಕಷಾಯ ಕುಡಿದೆವು. ಒಳಗೆ ಹೋದೆವು. ಕಪ್ಪು.

ಆ ದಿನ ಚಿಕ್ಕ ಪರದೆಯಲ್ಲೇ ಪ್ರಯತ್ನಿಸಿದೆವು. ಅವರು ಮೂಗು ತಾಗುವಷ್ಟು ಹತ್ತಿರ ಹೋಗಿ, ಎರಡೆರಡು ಅಕ್ಷರ ಹಿಡಿದು, ಮುಂದಿನದನ್ನು ನಾನು ಸರಿಸುವಷ್ಟರಲ್ಲಿ ಹಿಂದಿನದನ್ನು ಕಳೆದುಕೊಂಡರು. ಸಾಲು ಎಲ್ಲಿ ತಿರುಗುತ್ತದೆ ಎಂದು ಕಾಣದೆ ಮೇಲಿನ ಸಾಲಿಗೇ ಮರಳಿದರು. ಅರ್ಧ ತಾಸಿನ ಮೇಲೆ ಅವರು ಓದಿದ್ದು ಮತ್ತೆ ಅದೇ ಎರಡು ಪದ.

ಮರುವಾರ ಡ್ರೈವರ್ ಹೊಸದು ಹಾಕಿದೆ. ಎಂದರೆ ಪರದೆಗೆ ಚಿತ್ರ ಕಳಿಸುವ ಭಾಗದ ತಂತ್ರಾಂಶವನ್ನು ನವೀಕರಿಸಿದೆ. ನಡುವಾರದ ಪರೀಕ್ಷೆಗಳು ಸಫಲ. ನಾಲ್ಕನೆಯ ಸೋಮವಾರ ಕಪ್ಪು. ಆ ಮಧ್ಯಾಹ್ನವೂ, ಅವರು ಹೋದ ಮೇಲೆ, ಪರದೆ ತಾನಾಗಿ ಹತ್ತಿತ್ತು. ಐದನೆಯ ಸೋಮವಾರ ಅವರು ಹುಬ್ಬಳ್ಳಿಗೆ ಸೂಜಿಗೆ ಹೋದ್ದರಿಂದ ಬರಲಿಲ್ಲ. ಆ ದಿನ ನಾನು ಬೆಳಗಿನಿಂದ ಕಂಪ್ಯೂಟರಿನ ಮುಂದೆಯೇ ಇದ್ದೆ, ಪರದೆ ಒಮ್ಮೆಯೂ ಕೆಡಲಿಲ್ಲ. ಇದನ್ನು ಕೆಂಪು ಶಾಯಿಯಲ್ಲಿ ಬರೆದೆ: ದೋಷ ಸೋಮವಾರಕ್ಕೆ ಸೇರಿದ್ದಲ್ಲ, ಮಾಸ್ತರರಿಗೆ ಸೇರಿದ್ದು. ಬರೆದವನಿಗೆ ಅದರ ಅರ್ಥ ಹೊಳೆಯಲಿಲ್ಲ. ಆರನೆಯ ವಾರ ಕಂಪ್ಯೂಟರಿನ ಹಿಂಭಾಗದಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿಯನ್ನು ಬದಲಿಸಿದೆ.

ಊಟದ ಹೊತ್ತಿಗೆ ನನ್ನ ಹೆಂಡತಿ ಹೇಳಿದಳು: "ಆ ಅಂಗಡಿಯವಳು ಹೇಳಿದ್ದನ್ನ ಮಾಡಿದ್ರೆ ಎಂತ ಹೋಗ್ತು ನಿಂಗಕ್ಕೆ?"

"ಅದು ಪರಿಹಾರ ಅಲ್ಲ. ತಪ್ಪಿಸ್ಕಂಬದು."

"ನಿಂಗಕ್ಕೆ ಕಲ್ಲಿನ ಮೇಲೆ ಬರದ್ದು ಓದಿ ಓದಿ ಅಭ್ಯಾಸ. ಕಲ್ಲು ಕಾಯ್ತು. ಕಣ್ಣು ಕಾಯ್ತಾ?"

ಆರನೆಯ ಸೋಮವಾರ ಅವಳ ಎದುರಿನಲ್ಲೇ ಮಾಸ್ತರರನ್ನು ಕೇಳಿದೆ: ನಿದ್ರೆಯನ್ನೇ ನಿಲ್ಲಿಸಿಬಿಡೋಣವೇ ಅಥವಾ ಕಾರಣ ಹುಡುಕೋಣವೇ? ಪರದೆ ಆ ದಿನವೂ ಕಪ್ಪಾಗಿತ್ತು. ಅವರು ಮಾಸ್ತರರು, ಉತ್ತರ ಸರಿಯಿದ್ದು ಲೆಕ್ಕದ ದಾರಿ ತಪ್ಪಿದ್ದರೆ ಅಂಕ ಕೊಡದವರು.

"ಕಾರಣ ಹುಡುಕದ್ದೆ ಬಿಡಡಿ, ಭಾವ. ಹಿಡಿದ ಕೆಲಸ. ಆನು ಬರ್ತೆ ಇನ್ನೊಂದು ವಾರ. ಎಂಗೆ ಅವಸರ ಇಲ್ಲೆ."

ಅವಸರವಿರಲಿಲ್ಲ ಎಂಬುದು ಸುಳ್ಳು. ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ, ಆದರೆ ನನ್ನ ದನಿಯಲ್ಲಿ ಏನು ಬೇಕಿತ್ತೆಂದು ಅವರಿಗೆ ಕೇಳಿಸಿತ್ತು. ಊರವರ ಕಾಗದ ಓದುವಾಗ ಬಿಟ್ಟಂತೆ, ಅವತ್ತೂ ಒಂದು ಮಾತನ್ನು ಅವರು ಬಿಟ್ಟು ಹೇಳಿದರು. ಅದನ್ನು ನಾನು ಸಮ್ಮತಿ ಎಂದು ಪುಸ್ತಕದಲ್ಲಿ ದಾಖಲಿಸಿದೆ.

ಏಳನೆಯ ವಾರ ಕಂಪ್ಯೂಟರ್ ಬೇಗನೆ ಏಳುವುದಕ್ಕೆಂದು ಇರುವ ಒಂದು ಸೆಟ್ಟಿಂಗನ್ನು ತೆಗೆದೆ. ಏಳನೆಯ ಸೋಮವಾರ ಕಪ್ಪು. ಈ ಸಲ ಅವರು ಹೋಗಲಿಲ್ಲ; ಮಧ್ಯಾಹ್ನ ಹತ್ತುವುದಾದರೆ ಮಧ್ಯಾಹ್ನದವರೆಗೆ ಕೂರುತ್ತೇನೆ ಎಂದರು. ಊಟ ಮುಗಿದು ಸ್ವಲ್ಪ ಹೊತ್ತಿಗೆ ಪರದೆ ಹತ್ತಿತು. ಅವರನ್ನು ಕೈಹಿಡಿದು ಕೂರಿಸಿದೆ. ಅವರು ತಲೆಯನ್ನು ಆ ಕಡೆ ಓರೆ ಮಾಡಿದರು, ಈ ಕಡೆ ಓರೆ ಮಾಡಿದರು, ಗದ್ದ ಎತ್ತಿದರು. ಕಣ್ಣಿನಿಂದ ನೀರು ಹರಿಯುತ್ತಿತ್ತು. "ಬೆಳಕು ಕಾಣ್ತು" ಎಂದರು. ಅವರ ಬೆಳಗಿನ ತಾಸು ಆಗಲೇ ಮುಗಿದಿತ್ತು. ಅದು ದಣಿವು, ಮುಂದಿನ ಬೆಳಗ್ಗೆ ಸರಿಹೋಗುತ್ತದೆ ಎಂದು ನಾನು ಅಂದುಕೊಂಡೆ.

ಗುರುವಾರ ಅಡುಗೆಮನೆಯಲ್ಲಿ ನೀರು ಕುಡಿಯುತ್ತ, ಹೆಂಡತಿಗೆ ಹೇಳುವಂತೆ, ನನಗೆ ನಾನೇ ಹೇಳಿಕೊಂಡೆ: ಮಾಸ್ತರರು ಬಂದ ದಿನ ಮಾತ್ರ ಕೆಡುತ್ತದೆ, ಉಳಿದ ದಿನ ಎಷ್ಟು ಸಲ ಮಲಗಿಸಿದರೂ ಏಳುತ್ತದೆ, ಇದಕ್ಕೆ ಅರ್ಥವೇ ಇಲ್ಲ.

ಅವಳು ಒಗ್ಗರಣೆ ಸೌಟನ್ನು ಕೆಳಗಿಟ್ಟಳು. "ಅವ್ರು ಬಂದ ದಿನ ಅಲ್ಲದೆ ಬೇರೆ ದಿನ ನಿಂಗ ಆ ಕುರ್ಚಿ ಬಿಟ್ಟು ಎದ್ದದ್ದು ಯಾವಾಗ?"

"ಅಂದ್ರೆ?"

"ಅವ್ರು ಬಂದ್ರೆ ಆಸರಿ, ತಿಂಡಿ, ಮಾತು. ಮುಕ್ಕಾಲು ತಾಸು. ಅಷ್ಟೊತ್ತು ಅದು ಮಲಗಿರ್ತು. ನಿಂಗ ಪರೀಕ್ಷೆ ಮಾಡದು ಐದು ನಿಮಿಷ. ಐದು ನಿಮಿಷ ಮಲಗಿದವ್ನ ಯಾರಾದ್ರೂ ಎಬ್ಸ್ತ."

ನಾನು ನೀರಿನ ಲೋಟ ಕೆಳಗಿಟ್ಟೆ.

"ಮಧ್ಯಾಹ್ನ ಅದೇ ಹತ್ತಿದ್ದು ಹೇಳ್ತಿ ಅಲ್ದ? ಮಧ್ಯಾಹ್ನ ಕರೆಂಟು ಹೋಗಿ ಬತ್ತು. ನಿಂಗಕ್ಕೆ ದೀಪ, ಫ್ಯಾನು ಎಲ್ಲ ಇನ್ವರ್ಟರಿಂದು, ಗೊತ್ತಾಗ್ತಿಲ್ಲೆ. ಎಂಗೆ ಮಿಕ್ಸರ್ ನಿಂತ್ರೆ ಗೊತ್ತಾಗ್ತು."

ದೊಡ್ಡ ಮಾನಿಟರಿನ ಪ್ಲಗ್ಗು ಮಿಕ್ಸರಿನಂತೆ ನೇರ ಕರೆಂಟಿನ ಮೇಲಿತ್ತು. ಇನ್ವರ್ಟರಿಗೆ ಹೊರೆಯಾಗದಿರಲೆಂದು ನಾನೇ ಹಾಗೆ ಕೊಡಿಸಿದ್ದೆ. ಕಂಪ್ಯೂಟರ್ ಇನ್ವರ್ಟರಿನ ಮೇಲೆ. ಕರೆಂಟು ಹೋದಾಗಲೆಲ್ಲ ಮಾನಿಟರ್ ಪೂರ್ತಿ ಸತ್ತು, ಬಂದಾಗ ಹೊಸದಾಗಿ ಹುಟ್ಟುತ್ತಿತ್ತು. ಹೋಗಿ ಮಾನಿಟರಿನದೇ ಸೆಟ್ಟಿಂಗುಗಳ ಪಟ್ಟಿಯನ್ನು ಗುಂಡಿ ಒತ್ತುತ್ತ ಒಂದೊಂದಾಗಿ ಓದಿದೆ. ಕಂಪ್ಯೂಟರಿನ ನಿದ್ರೆಯಲ್ಲದೆ ಮಾನಿಟರಿಗೆ ತನ್ನದೇ ಆದ ಗಾಢ ನಿದ್ರೆಯೊಂದು ಇತ್ತು. ಅರ್ಧ ತಾಸು ಚಿತ್ರ ಬರದಿದ್ದರೆ ಅದು ಅದರೊಳಗೆ ಇಳಿಯುತ್ತಿತ್ತು, ಮತ್ತೆ ಕಂಪ್ಯೂಟರ್ ಎಷ್ಟು ಕರೆದರೂ ಕೇಳುತ್ತಿರಲಿಲ್ಲ. ಪ್ಲಗ್ಗು ಕಿತ್ತು ಅರೆನಿಮಿಷ ಬಿಟ್ಟು ಹಾಕಿದ್ದರೆ ಸಾಕಿತ್ತು. ಗಾಢ ನಿದ್ರೆಯನ್ನು ನಿಲ್ಲಿಸಿದೆ. ಶುಕ್ರ, ಶನಿ, ಭಾನು ಮೂರು ದಿನ ಮುಕ್ಕಾಲು ತಾಸು, ಒಂದು ತಾಸು, ಎರಡು ತಾಸು ಮಲಗಿಸಿ ನೋಡಿದೆ. ಮೂರೂ ಕೂಡಿದವು.

ಆ ಸಂಜೆ ಪುಸ್ತಕವನ್ನು ಮೊದಲಿನಿಂದ ಓದಿದೆ. ಮೊದಲ ಸೋಮವಾರ ಪರದೆ ಕೆಡದಿದ್ದುದಕ್ಕೆ ಕಾರಣ ಅಲ್ಲೇ ಇತ್ತು: ಅವತ್ತು ಆಸರಿಯ ನಂತರ ಕಂಪ್ಯೂಟರ್ ಹಾಕಿದ್ದೆ. ಅವರ ಸಮಯ ಉಳಿಸುವೆನೆಂದು ಮುಂಚೆಯೇ ಹಾಕತೊಡಗಿದ್ದು ನಾನು. ನನ್ನ ಆ ಒಂದು ಮುಂಜಾಗ್ರತೆಯ ಹೊರತು ಬೇರೆ ಯಾವ ದೋಷವೂ ನನ್ನ ಮನೆಯಲ್ಲಿರಲಿಲ್ಲ. ಅದೇ ಪುಟದ ಕೆಳಗೆ ನನ್ನ ದುಂಡಗಿನ ಅಕ್ಷರದಲ್ಲಿ ಇನ್ನೊಂದು ದಾಖಲೆ: "ಮಂಗಳವಾರ. ಅಂಗಡಿಯವರ ಸಲಹೆ: ನಿದ್ರೆಯನ್ನು ನಿಲ್ಲಿಸುವುದು. ಸ್ವೀಕರಿಸಿಲ್ಲ."

ಎಂಟನೆಯ ಸೋಮವಾರ ಅವರು ಒಬ್ಬರೇ ಬರಲಿಲ್ಲ. ಯಲ್ಲಾಪುರದಿಂದ ಬಂದ ಅಕ್ಕನ ಮಗಳು ಕೈಹಿಡಿದು ಇಳಿಸಿಕೊಂಡಳು. ಆಸರಿಯ ಹೊತ್ತಿಗೆ ಅವರು ಲೋಟವನ್ನು ಕೈಯಿಂದ ಸವರಿ ಹುಡುಕಿದರು. ನನ್ನ ಹೆಂಡತಿ ನನ್ನ ಕಡೆ ನೋಡಿದಳು, ನಾನು ನೆಲ ನೋಡಿದೆ. ಒಳಗೆ ಕೂರಿಸಿ ಮೌಸ್ ಅಲ್ಲಾಡಿಸಿದೆ. ಎರಡು ಪರದೆಗಳೂ ಒಟ್ಟಿಗೆ ಎದ್ದವು. ದೊಡ್ಡದರಲ್ಲಿ, ಅಂಗೈಯಷ್ಟು ಎತ್ತರದ ಬಿಳಿಯ ಅಕ್ಷರಗಳಲ್ಲಿ, ಅವರ ತಂದೆಯ ಕೈ. ಅದು ಎಂದೂ ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಮಾಸ್ತರರು ನೇರ ಮುಂದೆ ನೋಡುತ್ತಿದ್ದರು. ತಲೆ ಓರೆ ಮಾಡಲಿಲ್ಲ.

"ಹತ್ತಿತಾ, ಭಾವ?"

ಅಕ್ಕನ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಹೌದೆಂದೆ. ಎಂದಿನಿಂದ ಹೀಗೆ ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ, ದಿನಾಂಕ ಕೇಳುವುದೊಂದೇ ನನಗೆ ಬರುವುದು.

"ಶುಕ್ರವಾರ ಬೆಳಗ್ಗೆ ಎದ್ದಾಗ" ಎಂದರು.

ಗುರುವಾರ ಕಾರಣ ಸಿಕ್ಕಿತ್ತು. ಶುಕ್ರವಾರ ನಾನು ಮೊದಲ ಪರೀಕ್ಷೆಗೆ ಕೂತಿದ್ದೆ. ಎರಡು ದಿನಾಂಕಗಳೂ ಪುಸ್ತಕದಲ್ಲಿವೆ. ತಾಳೆ ನೋಡುವ ಅಗತ್ಯವಿಲ್ಲ.

ನಾನೇ ಓದಲು ಯತ್ನಿಸುತ್ತೇನೆ ಎಂದೆ. ಅವರು "ಒಂದು ಹರಿವಾಣದಲ್ಲಿ ಅಕ್ಕಿ ಹಾಕ್ಕಂಡು ಬಾ, ತಂಗಿ" ಎಂದು ನನ್ನ ಹೆಂಡತಿಗೆ ಹೇಳಿದರು. "ಮಕ್ಕೊಗೆ ಅಕ್ಷರ ಕಲ್ಸದು ಹಂಗೇ ಅಲ್ದ? ನಿಂಗ ನೋಡಿ ತಿದ್ಸಿ, ಭಾವ. ಎನ್ನ ಬೆರಳಿಗೆ ಗೊತ್ತಾಗ್ತಾ ನೋಡುವ."

ಅವರ ತೋರುಬೆರಳನ್ನು ಹಿಡಿದು, ಪರದೆಯನ್ನು ನೋಡುತ್ತ, "ಮಗು ಕೇಳಿತು" ಎಂಬುದರ ಮುಂದಿನ ತಿರುವುಗಳನ್ನು ಅಕ್ಕಿಯ ಮೇಲೆ ಒಂದೊಂದಾಗಿ ಎಳೆಸಿದೆ. ಎಷ್ಟೋ ಮಕ್ಕಳ ಬೆರಳು ಹಿಡಿದು ತಿದ್ದಿಸಿದ ಬೆರಳು ಅದು. ನನ್ನ ಕೈಯೊಳಗೆ ಹಗುರಾಗಿ, ವಿಧೇಯವಾಗಿ ಇತ್ತು. ಒಂದು ಗೀಟು ಎಲ್ಲಿ ಮುಗಿಯುತ್ತದೆ, ಎಲ್ಲಿ ಇನ್ನೊಂದು ಅಕ್ಷರ ಹುಟ್ಟುತ್ತದೆ ಎಂದು ನನಗೆ ತಿಳಿಯದು. ಅವರು ಪ್ರತಿಸಲ ಕಾದು, "ಇಲ್ಲೆ" ಎಂದು ಅಕ್ಕಿಯನ್ನು ಅಂಗೈಯಿಂದ ಸವರಿ ಸಮಮಾಡುತ್ತಿದ್ದರು. ಎರಡನೆಯ ಸಾಲು ಹೋಯಿತು. ಮೂರನೆಯದು ಹೋಯಿತು. ನಾಲ್ಕನೆಯ ಸಾಲಿನ ಕೊನೆಯ ಪದದಲ್ಲಿ ಬೆರಳು ನನ್ನ ಕೈಗಿಂತ ಮುಂದೆ ಓಡಿತು.

"ಹೇಳಿದೆ. ಅಪ್ಪಯ್ಯ ಬರದ್ದ, 'ಹೇಳಿದೆ' ಹೇಳಿ." ಅವರ ಮುಖ ಅರಳಿತ್ತು. "ಎಂಗೆ ಎಂತೋ ಹೇಳಿದ್ದ, ಭಾವ. ಅದ್ರ ಹಿಂದಿನ ಮಾತು?"

ಹಿಂದಿನ ಮಾತನ್ನು ಐದು ಸಲ ಎಳೆಸಿದೆ. ಆರನೆಯ ಸಲಕ್ಕೆ ಅವರು ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡರು.

"ಸಾಕು. ಅಪ್ಪಯ್ಯ ಬರದ್ದು ಅಕ್ಷರ. ನಿಂಗ ಬರೀ ಗೀಟು ಹಾಕ್ತಿ."

ಬೇರೆಯವರಿಗೆ ಪ್ರತಿ ಕಳಿಸುವ ಮಾತನ್ನು ಮತ್ತೊಮ್ಮೆ ಎತ್ತಿದೆ. ಅವರು ಮೊದಲ ದಿನದ ಉತ್ತರವನ್ನೇ ಕೊಟ್ಟರು, ಕಡಿಮೆ ಮಾತಿನಲ್ಲಿ. ಗಂಟು ನಿಮ್ಮಲ್ಲೇ ಇರಲಿ, ತಿಥಿ ನೋಡುವುದಕ್ಕೆ ನಿಮಗೆ ಬೇಕಾದೀತು ಎಂದರು. ಬಸ್ಸು ಹತ್ತಿಸುವಾಗ ಕಾರಣ ಸಿಕ್ಕಿತೇ ಎಂದು ಅವರೇ ಕೇಳಿದರು. ಸಿಕ್ಕಿತು ಎಂದೆ. "ಒಳ್ಳೇದಾತು" ಎಂದರು. ಅದನ್ನು ಅವರು ನಿಜವಾಗಿಯೂ ಒಳ್ಳೆಯದೆಂದೇ ತಿಳಿದು ಹೇಳಿದರೆಂಬುದು ನನಗೆ ಇಂದಿಗೂ ಸಹಿಸಲಾಗದ ಸಂಗತಿ.

ಈಗಲೂ ಸೋಮವಾರ ಬೆಳಗ್ಗೆ, ಅವರ ಹಳೆಯ ಬಸ್ಸಿನ ಹೊತ್ತಿಗೆ, ಹೆಗ್ಗರಣೆಯಿಂದ ಫೋನು ಬರುತ್ತದೆ. ಊರಿನ ಸುದ್ದಿ ಒಂದೆರಡು ಮಾತು. ಆಮೇಲೆ ಕೇಳುತ್ತಾರೆ:

"ಇವತ್ತು ಹತ್ತಿದ್ದಾ, ಭಾವ?"

"ಹತ್ತಿದ್ದು."

"ಆ ಪುಟ ಅಲ್ಲೇ ಇದ್ದಾ?"

"ಅಲ್ಲೇ ಇದ್ದು."

"ಹಂಗೇ ಇರ್ಲಿ. ಆರ್ಸಡಿ."

ನಾನು ಆರಿಸುವುದಿಲ್ಲ. ಆ ಕಂಪ್ಯೂಟರಿನ ನಿದ್ರೆಯನ್ನು, ಅಂಗಡಿಯವಳು ಆ ಮಂಗಳವಾರ ಹೇಳಿದಂತೆಯೇ, ಪೂರ್ತಿ ನಿಲ್ಲಿಸಿದ್ದೇನೆ.